ಕಾಡು ಮೊನಾರ್ಡಾ ಬಾಗಿ ಬೀಳುತ್ತಿದೆ, ಎಲೆಗೆ ಬೂದಿರೋಗ: ಎಲ್ಲಿ ತಪ್ಪಿದ್ದೇನೆ?

ಹಿತ್ತಲಗಿಡ:
ಉತ್ತರ ಅಮೆರಿಕದ ಹುಲ್ಲುಬಯಲುಗಳಲ್ಲಿ ತಾನಾಗಿ ಬೆಳೆಯುವ ಮೊನಾರ್ಡಾ ಫಿಸ್ಟುಲೋಸಾ, ಅಂದರೆ ವೈಲ್ಡ್ ಬರ್ಗಮಾಟ್ ಎಂಬ ಕಾಡುಹೂವನ್ನು, ಜೇನ್ನೊಣ ಮತ್ತು ಚಿಟ್ಟೆಗಳಿಗೆಂದೇ ಮೀಸಲಿಟ್ಟ ಪಾತಿಯಲ್ಲಿ ಎರಡು ವರ್ಷಗಳ ಹಿಂದೆ ನೆಟ್ಟಿದ್ದೇನೆ. ತುಂಬೆ, ತುಳಸಿ, ಪುದೀನಗಳ ಕುಟುಂಬದ್ದೇ ಆದ ಈ ಗಿಡಕ್ಕೂ ಚೌಕ ಕಾಂಡವಿದೆ. ಎಲೆ ಹೊಸಕಿದರೆ ಓಮದ ವಾಸನೆ ಬರುತ್ತದೆ. ವರ್ಷಕ್ಕೆರಡು ಬಾರಿ ಕಾಂಪೋಸ್ಟ್ ಹಾಕಿ, ದಿನ ಬಿಟ್ಟು ದಿನ ನೀರುಣಿಸಿದ್ದರಿಂದಲೋ ಏನೋ, ಗಿಡ ಐದು ಅಡಿ ಬೆಳೆದು ಮೊದಲ ಗಾಳಿಮಳೆಗೇ ಪಕ್ಕಕ್ಕೆ ಒರಗಿತು. ಜುಲೈ ಕೊನೆಯ ಹೊತ್ತಿಗೆ ಕೆಳಗಿನ ಎಲೆಗಳ ಮೇಲೆ ಬಿಳಿ ಬೂದಿ ಕಾಣಿಸಿಕೊಂಡಿದೆ. ಇನ್ನೊಂದು ವಿಚಿತ್ರವೆಂದರೆ, ಕೆಲವು ದೊಡ್ಡ ದುಂಬಿಗಳು ಹೂವಿನ ಬಾಯಿಗೆ ಹೋಗದೆ ಬುಡದ ಬಳಿಯೇ ಕುಳಿತು ಏನನ್ನೋ ಮಾಡುತ್ತವೆ. ಗಿಡವನ್ನು ಕಿತ್ತು ಬೇರೆ ತಳಿ ನೆಡುವುದು ಒಳಿತೇ?

ಮಣ್ಣುಕೈ:
ದಯವಿಟ್ಟು ಕೀಳಬೇಡಿ. ಇದು ಬಡ ಮಣ್ಣಿನಲ್ಲಿ, ಒಣ ಇಳಿಜಾರಿನಲ್ಲಿ, ಸುತ್ತಲಿನ ಹುಲ್ಲಿಗೆ ಒರಗಿಕೊಂಡು ಎರಡರಿಂದ ನಾಲ್ಕು ಅಡಿ ಬೆಳೆಯುವ ಗಿಡ. ಸಾರಜನಕ ಹೆಚ್ಚಾದರೆ ಕಾಂಡ ಎಳಸಾಗಿ, ಉದ್ದವಾಗಿ ಬೆಳೆದು ಹೂತಲೆಯ ಭಾರವನ್ನು ತಾಳಲಾರದೆ ಬಾಗುತ್ತದೆ. ಆದ್ದರಿಂದ ಕಾಂಪೋಸ್ಟನ್ನು ಪೂರ್ತಿ ನಿಲ್ಲಿಸಿ; ಬೇರೂರಿದ ಗಿಡಕ್ಕೆ ದೀರ್ಘ ಬರ ಬಂದಾಗ ಮಾತ್ರ ಬುಡಕ್ಕೆ ನೀರು ಕೊಟ್ಟರೆ ಸಾಕು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುತ್ತಿದೆಯೇ ಎಂಬುದನ್ನೂ ನೋಡಿ.

ಬೂದಿರೋಗದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಬೇರೆ ಅನೇಕ ಶಿಲೀಂಧ್ರಗಳಂತೆ ಇದಕ್ಕೆ ಎಲೆ ನೆನೆದಿರಬೇಕೆಂದೇನೂ ಇಲ್ಲ. ಗಾಳಿಯಾಡದ ದಟ್ಟಣೆ, ತೇವದ ಗಾಳಿ ಮತ್ತು ನೆರಳು ಇದ್ದರೆ ಸಾಕು. ಮೊನಾರ್ಡಾ ನೆಲದಡಿಯ ಕಾಂಡಗಳಿಂದ ಹಬ್ಬುವುದರಿಂದ ಮೂರು ವರ್ಷ ಕಳೆಯುವಷ್ಟರಲ್ಲಿ ಬುಡ ಕಿಕ್ಕಿರಿದು ನಡುಭಾಗ ಸತ್ತುಹೋಗುತ್ತದೆ. ಮುಂದಿನ ವಸಂತದಲ್ಲಿ ಗಿಡದ ಗುಂಪನ್ನು ಬೇರುಸಹಿತ ಅಗೆದು, ಅಂಚಿನ ಎಳೆಯ ತುಂಡುಗಳನ್ನಷ್ಟೇ ಒಂದೂವರೆ ಎರಡು ಅಡಿ ಅಂತರದಲ್ಲಿ ಮತ್ತೆ ನೆಡಿ. ಮೇ ಕೊನೆಯಲ್ಲಿ ಕಾಂಡಗಳನ್ನು ಮೂರನೇ ಒಂದು ಭಾಗದಷ್ಟು ಚಿವುಟಿದರೆ ಗಿಡ ಗಿಡ್ಡಗಾಗಿ ಕವಲೊಡೆಯುತ್ತದೆ, ಆದರೆ ಹೂವು ಕೆಲವು ದಿನ ತಡವಾಗುತ್ತದೆ. ಅರ್ಧ ಗುಂಪನ್ನು ಚಿವುಟಿ ಅರ್ಧವನ್ನು ಹಾಗೆಯೇ ಬಿಡುವುದು ನನ್ನ ಪದ್ಧತಿ. ಹೂವಿನ ಕಾಲ ಹಿಗ್ಗುತ್ತದೆ.

ದುಂಬಿಪ್ರಿಯ:
ಹೂವಿನ ಬುಡದಲ್ಲಿ ಕುಳಿತವು ಮರ ಕೊರೆಯುವ ದುಂಬಿಗಳಿರಬಹುದು. ಹೂವಿನ ಕೊಳವೆ ಉದ್ದವಿದ್ದು ಮಕರಂದ ತಳದಲ್ಲಿರುವುದರಿಂದ, ನಾಲಿಗೆ ಸಾಲದವು ಕೊಳವೆಯನ್ನು ಹೊರಗಿನಿಂದ ಸೀಳಿ ಹೀರುತ್ತವೆ. ಇದನ್ನು ಮಕರಂದ ಕಳವು ಎನ್ನುತ್ತಾರೆ. ಆ ಸೀಳಿನಿಂದಲೇ ಚಿಕ್ಕ ನೊಣಗಳೂ ಕುಡಿದು ಹೋಗುತ್ತವೆ. ಉದ್ದ ನಾಲಿಗೆಯ ಬಂಬಲ್‌ಬೀಗಳು (ಮೈತುಂಬ ರೋಮವಿರುವ ದಪ್ಪ ಜೇನ್ನೊಣಗಳು), ಚಿಟ್ಟೆಗಳು, ಹಾಡುಹಗಲೇ ಹೂವಿನೆದುರು ತೇಲುತ್ತ ಕುಡಿಯುವ ಹೆಮಾರಿಸ್ ಪತಂಗಗಳು ಮಾತ್ರ ನೇರ ಬಾಗಿಲಿನಿಂದ ಬರುತ್ತವೆ. ಪ್ರತಿ ಹೂವಿನಲ್ಲಿ ಎರಡು ಕೇಸರಗಳು ಮೊದಲು ಪರಾಗ ಉದುರಿಸಿ, ಅನಂತರವೇ ಶಲಾಕಾಗ್ರ, ಅಂದರೆ ಪರಾಗವನ್ನು ಸ್ವೀಕರಿಸುವ ಹೆಣ್ಣುಭಾಗದ ತುದಿ, ತೆರೆದುಕೊಳ್ಳುವುದರಿಂದ ಪರಾಗ ಸಾಗಿಸುವ ಅತಿಥಿಗಳಿಲ್ಲದೆ ಬೀಜ ಕಟ್ಟುವುದು ಕಷ್ಟ. ಡುಫೋರಿಯಾ ಮೊನಾರ್ಡೆ ಎಂಬ ಪುಟ್ಟ ಒಂಟಿ ಜೇನ್ನೊಣವಂತೂ (ಗುಂಪಾಗಿ ಬಾಳದೆ ತಾನೊಂದೇ ಗೂಡು ಕಟ್ಟುವ ಬಗೆ) ತನ್ನ ಮರಿಗಳಿಗಾಗಿ ಈ ಕುಲದ ಹೂವುಗಳ ಪರಾಗವನ್ನೇ ನಂಬಿಕೊಂಡಿದೆ. ಬೇರೆ ತಳಿ ನೆಡುವ ಮೊದಲು ಇದನ್ನು ನೆನಪಿಡಿ.

ಮಣ್ಣುಕೈ ಅವರ ಮಾತಿಗೆ ಒಂದು ಸೇರ್ಪಡೆ: ಶರತ್ಕಾಲದಲ್ಲಿ ಒಣಗಿದ ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಡಿ. ವಸಂತದಲ್ಲಿ ಒಂದಡಿ ಬಿಟ್ಟು ಮೇಲೆ ಕತ್ತರಿಸಿದರೆ ಆ ಮೋಟುಗಳ ಒಳಗೆ ಕೆಲವು ಒಂಟಿ ಜೇನ್ನೊಣಗಳು ಗೂಡು ಕಟ್ಟುತ್ತವೆ. ಬೂದಿ ಹಿಡಿದ ಎಲೆಗಳನ್ನು ಮಾತ್ರ ಆರಿಸಿ ತೆಗೆಯಿರಿ. ಹೂವಿರುವಾಗ ಔಷಧ ಸಿಂಪಡಿಸುವುದು ಬೇಡವೇ ಬೇಡ. ರೋಗ ನೋಡಲು ಕೆಟ್ಟದಾದರೂ ಗಿಡವನ್ನು ಕೊಲ್ಲುವುದು ಅಪರೂಪ.

ಹಿತ್ತಲಗಿಡ:
ಇಬ್ಬರಿಗೂ ಕೃತಜ್ಞತೆಗಳು. ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಹೂತಲೆಯಲ್ಲಿ ನಡುವಿನ ಹೂವುಗಳು ಆಗಲೇ ಬಾಡಿದ್ದವು, ಅಂಚಿನಲ್ಲಿ ಅರಳಿದ್ದ ಹದಿನಾಲ್ಕರಲ್ಲಿ ಒಂಬತ್ತರ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಕಂದು ಸೀಳು ಇತ್ತು. ಎಣಿಸುತ್ತಿದ್ದಾಗಲೇ ಒಂದು ಬಂಬಲ್‌ಬೀ ಬಂದು ಸೀಳಿದ್ದ ಹೂವಿಗೂ ಬಾಯಿಯ ಕಡೆಯಿಂದಲೇ ತಲೆ ತೂರಿಸಿ ಹೋಯಿತು. ಕಾಂಪೋಸ್ಟ್ ಬುಟ್ಟಿಯನ್ನು ತರಕಾರಿ ಪಾತಿಯ ಕಡೆಗೆ ಸಾಗಿಸಿದ್ದೇನೆ.