ತಾರಸಿಯ 40 ಕುಂಡಕ್ಕೆ ತಾನಾಗೇ ನೀರು: ಐಡಿಯಾ ಇದೆ, ಎಲ್ಲಿಂದ ಶುರು ಮಾಡಲಿ?

ತಾರಸಿ_ತೋಟ:
ನಮಸ್ಕಾರ. ತಾರಸಿ ಮೇಲೆ 40 ಕುಂಡ ಇವೆ: ಟೊಮ್ಯಾಟೊ, ಮೆಣಸಿನಕಾಯಿ, ಬಸಳೆ, ಮಲ್ಲಿಗೆ. ಏಪ್ರಿಲ್‌ನಲ್ಲಿ 10 ದಿನ ಮನೆಗೆ ಬೀಗ. ಅಂದುಕೊಂಡಿರೋದು ಇಷ್ಟು: ಒಂದೊಂದು ಕುಂಡಕ್ಕೂ ಒಂದು ತೇವಾಂಶ ಸೆನ್ಸರ್, ಒಂದು 12 ವೋಲ್ಟ್ ಸೊಲೆನಾಯ್ಡ್ ವಾಲ್ವ್ (ಕರೆಂಟು ಕೊಟ್ಟರೆ ತೆರೆಯೋ ನಲ್ಲಿ), ಎಲ್ಲಕ್ಕೂ ಸೇರಿ ಇಎಸ್‌ಪಿ32 ಬೋರ್ಡ್ (ವೈಫೈ ಇರೋ ಪುಟ್ಟ ಕಂಪ್ಯೂಟರ್), ಮೊಬೈಲಲ್ಲಿ ಆ್ಯಪ್. ನೀರು 200 ಲೀಟರ್ ಡ್ರಮ್‌ನಿಂದ, ಡ್ರಮ್ಮೂ ತಾರಸಿ ನೆಲದ ಮೇಲೇ. ಕೊಳ್ಳೋಕೆ ಹೊರಟರೆ ಪಟ್ಟಿ ಮುಗೀತಾನೇ ಇಲ್ಲ. ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ಬಿಡಲಿ?

ಕೊಳಾಯಿ_ಲೆಕ್ಕ:
ಬೋರ್ಡ್ ಆಮೇಲೆ, ಮೊದಲು ನೀರಿನ ಲೆಕ್ಕ. ಮೂರು ದಿನ ಅಳತೆಯ ಮಗ್ಗಲ್ಲೇ ನೀರು ಹಾಕಿ, ಯಾವ ಕುಂಡಕ್ಕೆ ಎಷ್ಟು ಬೇಕಾಯ್ತು ಅಂತ ಬರೆದಿಡಿ. ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಅಂತ ಹಿಡಿದರೂ 20 ಲೀಟರ್, 10 ದಿನಕ್ಕೆ 200. ಡ್ರಮ್‌ನ ತಳದ ನಾಲ್ಕು ಬೆರಳು ನೀರು ಪಂಪಿಗೆ ಸಿಗಲ್ಲ. ಕಾಯಿ ಹಿಡಿದ ಟೊಮ್ಯಾಟೊ ಏಪ್ರಿಲ್ ಬಿಸಿಲಲ್ಲಿ ಅರ್ಧ ಲೀಟರಿಗೆ ತಡೆಯೋದೂ ಇಲ್ಲ. ಹಾಗಾಗಿ ಎರಡು ಡ್ರಮ್ ಇಟ್ಟು ತಳದಲ್ಲಿ ಪೈಪಿನಿಂದ ಜೋಡಿಸಿ. ಬಣ್ಣ ಕಪ್ಪೋ ನೀಲಿಯೋ ಇರಲಿ. ಬಿಳಿ ಡ್ರಮ್ಮಲ್ಲಿ ಬೆಳಕು ಬಿದ್ದು ಪಾಚಿ ಕಟ್ಟುತ್ತೆ.

ಆ ಅಗ್ಗದ ಸೊಲೆನಾಯ್ಡ್ ವಾಲ್ವ್ ಬೇಡವೇ ಬೇಡ. ಅದು ತೆರೆಯೋಕೆ ಸಾಮಾನ್ಯವಾಗಿ ಕನಿಷ್ಠ 0.02 ಮೆಗಾಪಾಸ್ಕಲ್ ಒತ್ತಡ ಬೇಕು, ಅಂದರೆ 2 ಮೀಟರ್ ಎತ್ತರದ ನೀರು. ಅದರೊಳಗಿನ ಕಾಯಿಲ್ (ತಂತಿ ಸುರುಳಿ) ತೆರೆಯೋದು ಒಂದು ಸಣ್ಣ ತೂತು ಮಾತ್ರ. ಒಳಗಿನ ರಬ್ಬರ್ ಪೊರೆ ಏಳೋದು ನೀರಿನ ಒತ್ತಡದಿಂದ. ನಿಮ್ಮ ಡ್ರಮ್ ಒಂದು ಮೀಟರೂ ಇಲ್ಲ. ಟಕ್ ಅನ್ನುತ್ತೆ, ನೀರು ಬರಲ್ಲ.

ಅದರ ಬದಲು ಬ್ಯಾಟರಿ ಸ್ಪ್ರೇಯರ್‌ನಲ್ಲಿರೋ 12 ವೋಲ್ಟ್ ಪಂಪ್, ಅದರ ಮುಂದೆ 120 ಮೆಶ್ ಫಿಲ್ಟರ್, ಕುಂಡಗಳ ಸಾಲಿಗೆ ಹೋಗೋ 16 ಎಂಎಂ ಪೈಪ್ (ಲ್ಯಾಟರಲ್), ಅದರಿಂದ ಕುಂಡಕ್ಕೆ 4 ಎಂಎಂ ಮೈಕ್ರೋ ಟ್ಯೂಬ್, ಕುಂಡಕ್ಕೊಂದು ಗಂಟೆಗೆ 2 ಲೀಟರ್ ತೊಟ್ಟಿಕ್ಕೋ ಡ್ರಿಪ್ಪರ್. 15 ನಿಮಿಷಕ್ಕೆ ಕುಂಡಕ್ಕೆ ಅರ್ಧ ಲೀಟರ್. ಟೊಮ್ಯಾಟೊಗೆ ಎರಡೆರಡು ಡ್ರಿಪ್ಪರ್ ಚುಚ್ಚಿ. ಪಂಪ್ ಯಾಕೆ ಅಂದರೆ, ಡ್ರಿಪ್ಪರ್ ಮೇಲಿನ ‘2 ಲೀಟರ್’ ಅನ್ನೋದು 1 ಕೆಜಿ ಒತ್ತಡದ, ಅಂದರೆ 10 ಮೀಟರ್ ನೀರಿನ ಲೆಕ್ಕ. ಸಾದಾ ಡ್ರಿಪ್ಪರ್‌ಗೆ ಬರೀ ಒಂದು ಮೀಟರ್ ಎತ್ತರದ ನೀರು ಕೊಟ್ಟರೆ ಮೂರನೇ ಒಂದು ಭಾಗವೂ ಕಷ್ಟ.

ಇಲ್ಲಿ ಎರಡು ತೊಂದರೆ ಬರುತ್ತವೆ. ಪಂಪ್ ನಿಮಿಷಕ್ಕೆ 3 ಲೀಟರಿನಷ್ಟು ಎತ್ತುತ್ತೆ, 40 ಡ್ರಿಪ್ಪರ್ ಸೇರಿ ಬಿಡೋದು 1.3. ಒತ್ತಡ ಏರಿ ಪಂಪಿನ ಪ್ರೆಶರ್ ಸ್ವಿಚ್ ಕ್ಷಣಕ್ಕೊಮ್ಮೆ ಕಟ್ ಆಗಿ ಮತ್ತೆ ಆನ್ ಆಗ್ತಿರುತ್ತೆ, ಬೇಗ ಹಾಳಾಗುತ್ತೆ. ಎರಡನೆಯದು ಸೈಫನ್: ಡ್ರಮ್ಮಿನ ನೀರಿನ ಮಟ್ಟ ಕುಂಡಕ್ಕಿಂತ ಮೇಲಿದ್ದರೆ, ಪಂಪ್ ನಿಂತ ಮೇಲೂ ಅದರ ಮೂಲಕವೇ ನೀರು ಇಳೀತಾ ಹೋಗಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ.

ಎರಡಕ್ಕೂ ಒಂದೇ ಮದ್ದು. ಪಂಪಿನಿಂದ ಬಂದ ಪೈಪನ್ನ ಡ್ರಮ್ಮಿನ ಬಾಯಿಗಿಂತ ಒಂದಡಿ ಮೇಲಕ್ಕೆ ಏರಿಸಿ, ಅಲ್ಲಿ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ. ಒಂದು ಕಡೆ ಕುಂಡಕ್ಕೆ, ಇನ್ನೊಂದು ಕಡೆ ಸಣ್ಣ ನಲ್ಲಿ ಹಾಕಿದ ಪೈಪ್ ವಾಪಸ್ ಡ್ರಮ್ಮಿಗೆ. ಆ ವಾಪಸ್ ಪೈಪಿನ ತುದಿ ನೀರಲ್ಲಿ ಮುಳುಗಬಾರದು. ಪಂಪ್ ಓಡುವಾಗ ಹೆಚ್ಚಿನ ನೀರು ಅಲ್ಲಿಂದ ಹಿಂದಕ್ಕೆ ಬರುತ್ತೆ. ನಿಂತಾಗ ಅಲ್ಲಿಂದಲೇ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತೆ.

ಬೆಸುಗೆ_ಕಡ್ಡಿ:
ಮೇಲಿನವರು ಹೇಳಿದ ಹಾಗೇ ಪೈಪ್ ಮಾಡಿದರೆ ಬೋರ್ಡಿಗೆ ಉಳಿಯೋದು ಒಂದು ಪಂಪ್ ಮಾತ್ರ. ಅದನ್ನ ಆನ್-ಆಫ್ ಮಾಡೋಕೆ ರಿಲೇಗಿಂತ ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಒಳ್ಳೇದು. ಐಆರ್‌ಎಫ್540 ತರಬೇಡಿ, ಇಎಸ್‌ಪಿ32 ಕೊಡೋ 3.3 ವೋಲ್ಟಿಗೆ ಅದು ಪೂರ್ತಿ ತೆರೆಯದೆ ಬಿಸಿಯಾಗುತ್ತೆ. ಮಾಸ್ಫೆಟ್‌ನ ಗೇಟ್ ಕಾಲಿನಿಂದ (ಬೋರ್ಡಿನ ಸಿಗ್ನಲ್ ಬರೋ ಕಾಲು) ಗ್ರೌಂಡ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಬೋರ್ಡ್ ಶುರುವಾಗೋವಾಗ ಪಂಪ್ ತಾನೇ ಎದ್ದೀತು. ಪಂಪಿನ ಎರಡು ತಂತಿಗೆ ಅಡ್ಡಲಾಗಿ ಒಂದು 1ಎನ್5408 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ), ಪಟ್ಟಿ ಇರೋ ತುದಿ ಪ್ಲಸ್ ಕಡೆಗೆ. ಅಡಾಪ್ಟರ್ 12 ವೋಲ್ಟ್ 5 ಆಂಪ್. ನೀರು ಮುಗಿದಾಗ ಪಂಪ್ ಒಣಗಿ ಓಡದಂತೆ ಡ್ರಮ್ಮಿನ ತಳದ ಹತ್ತಿರ ಫ್ಲೋಟ್ ಸ್ವಿಚ್ (ನೀರು ಇಳಿದಾಗ ಆಫ್ ಆಗೋ ತೇಲುವ ಸ್ವಿಚ್) ಇರಲಿ.

ಸೆನ್ಸರ್ ಕೆಪಾಸಿಟಿವ್ (ಲೋಹ ಮಣ್ಣಿಗೆ ತಾಗದ ಮಾದರಿ) ಆಗಿರಲಿ. ಎರಡು ಕಡ್ಡಿಯ ರೆಸಿಸ್ಟಿವ್ ಮಾದರಿ ಒದ್ದೆ ಮಣ್ಣಲ್ಲಿ ಕೆಲವೇ ವಾರಕ್ಕೆ ತುಕ್ಕು ತಿನ್ನುತ್ತೆ. ಕೆಪಾಸಿಟಿವ್ ಸೆನ್ಸರಿನ ಪಟ್ಟಿಯೂ ಕತ್ತರಿಸಿದ ಅಂಚಿಂದ ನೀರು ಹೀರಿಕೊಳ್ಳುತ್ತೆ, ಅಂಚಿಗೆ ಎರಡು ಸಲ ನೇಲ್ ಪಾಲಿಶ್ ಬಳೀರಿ. ಸೆನ್ಸರಿನ ಸಿಗ್ನಲ್ ತಂತಿಯನ್ನ ಇಎಸ್‌ಪಿ32 ಬೋರ್ಡಿನ 32ರಿಂದ 36, ಅಥವಾ 39ನೇ ಪಿನ್ನಿಗೆ ಕೊಡಿ. ಉಳಿದ ಅನಲಾಗ್ ಪಿನ್ನುಗಳು ವೈಫೈ ಆನ್ ಇದ್ದಾಗ ಓದೋದಿಲ್ಲ.

ತಾರಸಿ_ತೋಟ:
ತುಂಬಾ ಧನ್ಯವಾದ. ಹಾಗಾದರೆ ಸೆನ್ಸರ್ ಎಷ್ಟು ಸಾಕು? ಆ್ಯಪ್ ಬಿಡೋಕೆ ಮನಸ್ಸಿಲ್ಲ.

ಬೆಸುಗೆ_ಕಡ್ಡಿ:
ಎರಡು ಸಾಕು. ಒಂದು ಬೇಗ ಒಣಗೋ ಕುಂಡದಲ್ಲಿ, ಇನ್ನೊಂದು ನೆರಳಿನದರಲ್ಲಿ. ಆದರೆ ನೀರು ಎಷ್ಟು ಹಾಕಬೇಕು ಅಂತ ಸೆನ್ಸರ್ ತೀರ್ಮಾನಿಸಬಾರದು, ಅದು ಗಡಿಯಾರದ ಕೆಲಸ. ಎರಡೂ ಕುಂಡ ಒದ್ದೆ ಇದ್ದರೆ ‘ಇವತ್ತು ಬೇಡ’ ಅನ್ನೋದಷ್ಟೇ ಸೆನ್ಸರಿನದು. ಕಿತ್ತುಹೋದ ಸೆನ್ಸರಿನ ಓದು ಏನು ಬೇಕಾದರೂ ಬರಬಹುದು, ಅದಕ್ಕೇ ನೀವು ಅಳೆದ ಒಣ–ಒದ್ದೆ ಮಿತಿಯಿಂದ ಆಚೆ ಹೋದರೆ ಅದನ್ನ ಬಿಟ್ಟು ಗಡಿಯಾರದ ಪ್ರಕಾರವೇ ನೀರು ಹೋಗುವಂತೆ ಬರೆಯಿರಿ. ಮಿತಿಯನ್ನ ಲೋಟದ ನೀರಲ್ಲಿ ಅದ್ದಿ ಗೊತ್ತು ಮಾಡಬೇಡಿ. ನಿಮ್ಮದೇ ಕುಂಡಕ್ಕೆ ನೀರು ಹಾಕಿ, ಬಸಿದ ಒಂದು ಗಂಟೆ ಮೇಲೆ ಓದಿ. ಮಣ್ಣಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇದ್ದರೆ ಸಂಖ್ಯೆಯೇ ಬೇರೆ ಬರುತ್ತೆ.

ಆ್ಯಪ್ ಊರಿಂದ ಬಂದ ಮೇಲೆ ಮಾಡಿ. ಈ 10 ದಿನ ಅದಿಲ್ಲದೆ ಒಂದು ಗಿಡವೂ ಸಾಯಲ್ಲ.

ಕೊಳಾಯಿ_ಲೆಕ್ಕ:
ಇನ್ನೊಂದು ಮಾತು. ಬೋರ್ಡ್ ಕೊಳ್ಳೋ ಮುಂಚೆ ಪಂಪನ್ನ ಅಡಾಪ್ಟರ್‌ಗೆ ನೇರ ಕೊಟ್ಟು 15 ನಿಮಿಷ ಓಡಿಸಿ. ಪಂಪಿಗೆ ಹತ್ತಿರದ್ದು, ನಡುವಿನದು, ಕಟ್ಟಕಡೆಯದು, ಹೀಗೆ ಆರು ಡ್ರಿಪ್ಪರ್ ಕೆಳಗೆ ಮೊಸರಿನ ಡಬ್ಬಿ ಇಟ್ಟು ಅಳೆಯಿರಿ. ಸರಾಸರಿ 500 ಎಂಎಲ್ ಬರೋವರೆಗೆ ವಾಪಸ್ ಪೈಪಿನ ನಲ್ಲಿ ತಿರುಗಿಸಿ. ಕೊನೆಯದರಲ್ಲಿ ತೀರಾ ಕಡಿಮೆ ಬಂದರೆ ಲ್ಯಾಟರಲ್‌ನ ಎರಡು ತುದಿ ಕೂಡಿಸಿ ಬಳೆ ಹಾಗೆ ಸುತ್ತು ಮಾಡಿ. ಆಮೇಲೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ಸಾಕೆಟ್ ತಂದು, ಬೆಳಿಗ್ಗೆ 6ಕ್ಕೆ 15 ನಿಮಿಷ ಇಡಿ. ಕರೆಂಟು ಹೋಗಿ ಬಂದರೂ ಅದರ ಗಡಿಯಾರ ತಪ್ಪಲ್ಲ. ಆ ಹೊತ್ತಿಗೇ ಕರೆಂಟು ಹೋದರೆ ಅಂತ ಸಂಜೆ 5ಕ್ಕೂ ಐದು ನಿಮಿಷ ಇರಲಿ, ಆ ನೀರನ್ನೂ ಡ್ರಮ್ಮಿನ ಲೆಕ್ಕಕ್ಕೆ ಸೇರಿಸಿ. ಬೋರ್ಡ್ ಬಂದ ಮೇಲೂ ಈ ಟೈಮರ್ ತೆಗೀಬೇಡಿ. ಬೋರ್ಡ್ ಹ್ಯಾಂಗ್ ಆಗಿ ಪಂಪ್ ಆನ್ ಆಗೇ ನಿಂತರೆ ಡ್ರಮ್ ಪೂರ್ತಿ ಖಾಲಿಯಾಗೋದನ್ನ ತಡೆಯೋದು ಇದೊಂದೇ.

ಇದನ್ನ ನೀವು ಮನೇಲಿರುವಾಗಲೇ ಏಳು ದಿನ ಓಡಿಸಿ, ಕೈಯಿಂದ ಒಂದು ಹನಿಯೂ ಹಾಕದೆ. ದಿನಾ ಸಂಜೆ ಡ್ರಮ್ಮಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರ ಕಿರಿದಾಗ್ತಾ ಬಂದರೆ ಫಿಲ್ಟರೋ ಡ್ರಿಪ್ಪರೋ ಕಟ್ಟಿಕೊಳ್ತಿದೆ. ಬೋರ್‌ವೆಲ್ ನೀರಾದರೆ ಬಿಳಿ ಉಪ್ಪೇ ಕಾರಣ ಇರಬಹುದು. ಡ್ರಿಪ್ಪರ್ ಬಿಚ್ಚಿ ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ತೊಳೆದು ಹಾಕಿ.