ಎಂಬಿ–ಎಂಎಸ್ ಲೆಕ್ಕ ಅಣು ಪರೀಕ್ಷೆಯನ್ನು ಭೂಕಂಪ ಅನ್ನುತ್ತಿದೆ, ತಪ್ಪೆಲ್ಲಿ?

ಪ್ರಶ್ನೆ:
ಉತ್ತರ ಕೊರಿಯಾದ 2009 ಮೇ 25ರ ಪರೀಕ್ಷೆ. ಎಂಬಿ (ಭೂಮಿಯೊಳಗೆ ಸಾಗುವ ಅಲೆಯಿಂದ ಅಳೆದ ತೀವ್ರತೆ) 4.5, ಎಂಎಸ್ (ಮೇಲ್ಮೈ ಅಲೆಯಿಂದ ಅಳೆದ ತೀವ್ರತೆ) ಸುಮಾರು 3.6. ಸ್ಫೋಟವನ್ನೂ ಭೂಕಂಪವನ್ನೂ ಬೇರ್ಪಡಿಸುವ ಹಳೆಯ ಗೆರೆ 1.25×ಎಂಬಿ − 2.2 ಹಾಕಿದರೆ 3.4 ಬರುತ್ತದೆ. ಎಂಎಸ್ ಅದಕ್ಕಿಂತ ಮೇಲಿದೆ, ಅಂದರೆ ಭೂಕಂಪ! ಮುಡಾನ್‌ಜಿಯಾಂಗ್ (ಚೀನಾ) ಕಂಪನಮಾಪನ ಕೇಂದ್ರದ ದತ್ತಾಂಶದಲ್ಲಿ 1–2 ಹರ್ಟ್ಸ್‌ನಲ್ಲಿ ಪಿ/ಎಸ್ ಅನುಪಾತ (ಮೊದಲು ಬರುವ ಪಿ ಅಲೆ, ಆಮೇಲೆ ಬರುವ ಎಸ್ ಅಲೆ) ನೋಡಿದರೂ ವ್ಯತ್ಯಾಸ ಕಾಣುತ್ತಿಲ್ಲ.

ಉತ್ತರ 1:
ಲೆಕ್ಕ ಸರಿ ಇದೆ, ಗೆರೆ ಹಳೆಯದು. ಸ್ಫೋಟ ಬಂಡೆಯನ್ನು ಎಲ್ಲ ಕಡೆಗೂ ಒಂದೇ ಸಮ ತಳ್ಳುತ್ತದೆ, ಹಾಗಾಗಿ 20 ಸೆಕೆಂಡಿನ ಮೇಲ್ಮೈ ಅಲೆ ಸೊರಗಿರಬೇಕು. ಆ ಜಾಗದ ಪರೀಕ್ಷೆಗಳಲ್ಲಿ ಅದು ನಿರೀಕ್ಷೆಗಿಂತ ಜೋರಾಗಿಯೇ ಬಂತು. ಗೆರೆಯನ್ನು ತಿದ್ದಿದ್ದೂ ಅದಕ್ಕೇ: ಎಂಬಿ − 0.64. ಈಗ 3.86 ಬರುತ್ತದೆ, ನಿಮ್ಮ 3.6 ಕೆಳಗೆ ಬೀಳುತ್ತದೆ. ಆದರೂ 0.26ರ ಅಂತರವನ್ನೇ ನಂಬಿ ತೀರ್ಪು ಕೊಡಬೇಡಿ.

ಉತ್ತರ 2:
ಪಿ/ಎಸ್ ಅನ್ನು 1–2 ಹರ್ಟ್ಸ್‌ನಲ್ಲಿ ನೋಡಿದ್ದೇ ಎಡವಟ್ಟು. ಅಲ್ಲಿ ಸ್ಫೋಟವೂ ಭೂಕಂಪವೂ ಒಂದರ ಮೇಲೊಂದು ಬೀಳುತ್ತವೆ, 6 ಹರ್ಟ್ಸ್ ದಾಟಿದ ಮೇಲೆ ಬೇರೆಯಾಗುತ್ತವೆ: ಸ್ಫೋಟದಲ್ಲಿ ಎಸ್‌ಗಿಂತ ಪಿ ಜೋರಾಗಿರುತ್ತದೆ. ಸೆಕೆಂಡಿಗೆ 20 ಮಾದರಿಯ ಚಾನೆಲ್ ಬೇಡ, ಅದರಲ್ಲಿ 10 ಹರ್ಟ್ಸ್ ಮೇಲೆ ಏನೂ ಇರುವುದಿಲ್ಲ. 40 ಅಥವಾ ಹೆಚ್ಚಿನದನ್ನು ತಗೊಳ್ಳಿ.

ಸ್ಫೋಟದ ಜಾಗದಿಂದ ಕೇಂದ್ರಕ್ಕೆ ದೂರ ಸುಮಾರು 370 ಕಿ.ಮೀ. ಪಿ ಅಳೆಯುವ ಕಿಟಕಿ ಸ್ಫೋಟವಾದ ಮೇಲಿನ ಸುಮಾರು 50ರಿಂದ 66ನೇ ಸೆಕೆಂಡ್. ಎಸ್‌ಗೆ ಅಳೆಯುವುದು ಭೂಮಿಯ ಹೊರಪದರದಲ್ಲಿ ಸಾಗುವ ಎಲ್‌ಜಿ ಅಲೆಯನ್ನು, ಅದು ಸೆಕೆಂಡಿಗೆ 3.6ರಿಂದ 3.0 ಕಿ.ಮೀ. ವೇಗದಲ್ಲಿ, ಅಂದರೆ 103ರಿಂದ 123. ಪಿ ಬರುವ ಮೊದಲಿನ ಗದ್ದಲವನ್ನೂ ಅದೇ ಫಿಲ್ಟರ್‌ನಲ್ಲಿ ಅಳೆಯಿರಿ. ಎಲ್‌ಜಿ ಅದರ ಎರಡು ಪಟ್ಟಾದರೂ ಇಲ್ಲದಿದ್ದರೆ ನೀವು ಪಿಯನ್ನು ಗದ್ದಲದಿಂದಲೇ ಭಾಗಿಸುತ್ತಿದ್ದೀರಿ.

ಜಪಾನಿನ ಕೇಂದ್ರಗಳನ್ನು ಇದಕ್ಕೆ ಬೆರೆಸಲೇಬೇಡಿ. ಸಮುದ್ರದಡಿಯ ತೆಳು ಹೊರಪದರದಲ್ಲಿ ಎಲ್‌ಜಿ ಸತ್ತುಹೋಗುತ್ತದೆ, ಮಾಮೂಲಿ ಭೂಕಂಪವೂ ಸ್ಫೋಟದ ಹಾಗೆ ಕಾಣುತ್ತದೆ.

ಪ್ರಶ್ನೆ ಕೇಳಿದವರು:
6–9 ಹರ್ಟ್ಸ್‌ನಲ್ಲಿ ಪಿ ಎದ್ದು ನಿಂತಿದೆ, ಎಲ್‌ಜಿ ಬಹುತೇಕ ಚಪ್ಪಟೆ. ಧನ್ಯವಾದ. ಇನ್ನು ಸ್ಫೋಟದ ಬಲ ಎಷ್ಟು ಕಿಲೋಟನ್ ಅಂತ ಲೆಕ್ಕ ಹಾಕುವುದು ಹೇಗೆ?

ಉತ್ತರ 3:
ಬಂಡೆ ಯಾವುದು ಅನ್ನುವುದರ ಮೇಲೆ ನಿಂತಿದೆ. ಸೆಮಿಪಲಟಿನ್ಸ್ಕ್‌ನ (ಹಳೆಯ ಸೋವಿಯತ್ ಪರೀಕ್ಷಾ ಜಾಗ) ಗಟ್ಟಿ ಬಂಡೆಯ ಸೂತ್ರ ಎಂಬಿ = 4.45 + 0.75 ಲಾಗ್ ವೈ (ವೈ ಅಂದರೆ ಕಿಲೋಟನ್‌ನಲ್ಲಿ ಸ್ಫೋಟದ ಬಲ), 4.5ಕ್ಕೆ 1.2 ಕಿಲೋಟನ್. ಅಮೆರಿಕದ ಪರೀಕ್ಷಾ ಜಾಗ ನೆವಾಡಾದ 3.92 + 0.81 ಲಾಗ್ ವೈ ಹಾಕಿದರೆ 5.2. ಅದೇ ಸಿಗ್ನಲ್, ನಾಲ್ಕು ಪಟ್ಟು ವ್ಯತ್ಯಾಸ! ಎಂಬಿಯಲ್ಲಿ 0.1 ತಪ್ಪಾದರೂ ಸುಮಾರು ಮೂರನೇ ಒಂದು ಭಾಗ ಏರುಪೇರು.

ಈ ಜಾಗಕ್ಕೆ ಗಟ್ಟಿ ಬಂಡೆಯದೇ ಹತ್ತಿರ, ಆದರೆ ಎರಡೂ ಸೂತ್ರಗಳು ಮಾಮೂಲಿ ಆಳಕ್ಕೆ ಕಟ್ಟಿದವು: ಮೀಟರ್‌ಗಳಲ್ಲಿ ಸುಮಾರು 120 × ವೈನ ಘನಮೂಲ, 5 ಕಿಲೋಟನ್‌ಗೆ 205 ಮೀಟರ್. ಉತ್ತರ ಕೊರಿಯಾದ ಪರೀಕ್ಷಾ ಜಾಗವಾದ ಮಂಟಪ್ ಬೆಟ್ಟದಡಿ ಅದಕ್ಕಿಂತ ಆಳದಲ್ಲಿ ಸಿಡಿಸಿದ್ದಾರೆ. ಆಳ ಹೆಚ್ಚಿದಷ್ಟೂ ಅಷ್ಟೇ ಕಿಲೋಟನ್‌ಗೆ ಎಂಬಿ ಇಳಿಯುತ್ತದೆ, ಹಾಗಾಗಿ 1.2 ಅನ್ನು ಕೆಳಮಿತಿ ಅಂತ ಹಿಡಿಯಿರಿ. ಒಂದೇ ಅಂಕಿ ಬರೆಯಬೇಡಿ, ಇಟ್ಟುಕೊಂಡ ಆಳವನ್ನೂ ಪಕ್ಕದಲ್ಲಿ ಬರೆಯಿರಿ.