ಸಹಾಯ ಬೇಕು: ಹಳೇ ಅಂಬಾಸಿಡರ್, ಬ್ಯಾಟರಿ ಚಾರ್ಜ್ ಆಗ್ತಿಲ್ಲ (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸ್ತಿದ್ದ ಅಂಬಾಸಿಡರ್, ಡೈನಮೋ (ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡೋ ಹಳೇ ಜನರೇಟರ್) ಇರೋ ಕಾಲದ್ದು. ಸರಸ್ವತಿಪುರಂನಿಂದ ಮಂಡ್ಯಕ್ಕೆ ಹೋಗಿ ಬಂದ್ರೆ ಸಾಕು, ಮಾರನೇ ದಿನ ಸೆಲ್ಫ್ ‘ಟಕ್’ ಅಂದು ಸುಮ್ಮನಾಗುತ್ತೆ. ಆಮೇಲೆ ಅಕ್ಕಪಕ್ಕದವರೆಲ್ಲ ಸೇರಿ ತಳ್ಳಬೇಕು. ಈಗೀಗ ನನ್ನ ಕಂಡ್ರೆ ಬಾಗಿಲು ಹಾಕ್ಕೋತಾರೆ!

ಬ್ಯಾಟರಿ ಹೊಸದು. ಹೊರಗೆ ಚಾರ್ಜ್ ಮಾಡಿಸಿ ತಂದಾಗ ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ತೋರಿಸುತ್ತೆ. ಆದ್ರೆ ಎಂಜಿನ್ ರೇಸ್ ಮಾಡಿದ್ರೂ 12.4 ದಾಟಲ್ಲ, 14ರ ಹತ್ತಿರ ಬರಬೇಕಲ್ವಾ? ಐಡ್ಲಿಂಗ್‌ನಲ್ಲಿ ಡೈನಮೋ ಹೆಚ್ಚು ಕೊಡಲ್ಲ ಅನ್ನೋದು ಗೊತ್ತು. ರೇಸ್ ಮಾಡಿದಾಗಲೂ ಇಗ್ನಿಷನ್ ಲೈಟ್ (ಚಾರ್ಜ್ ಆಗ್ತಿದ್ರೆ ಆರಬೇಕಾದ್ದು) ಮಂಕಾಗಿ ಉರೀತಾನೇ ಇರುತ್ತೆ, ಅದೇ ತಲೆಬಿಸಿ.

ಬೆಲ್ಟ್ ಬಿಗಿ ಇದೆ, ಅರ್ಥ್ ವೈರ್ ಉಜ್ಜಿ ಹಾಕಿದ್ದೀನಿ. ಡೈನಮೋದಿಂದ ಎರಡೂ ವೈರ್ ಬಿಚ್ಚಿ, ಅದರ ಡಿ (ಕರೆಂಟ್ ಹೊರಬರೋ) ಮತ್ತು ಎಫ್ (ಫೀಲ್ಡ್ ಕಾಯಿಲ್‌ನ) ಟರ್ಮಿನಲ್ ಸೇರಿಸಿ ನೋಡಿದೆ. ಸ್ವಲ್ಪ ರೇಸ್‌ಗೇ 20 ವೋಲ್ಟ್ ಬಂತು. ಹಾಗಾಗಿ ಡೈನಮೋ ಸರಿ ಇದೆ, ಚಾರ್ಜಿಂಗ್ ಹತೋಟಿಯಲ್ಲಿಡೋ ರೆಗ್ಯುಲೇಟರ್ ಡಬ್ಬಿಯ ಪಾಯಿಂಟ್‌ಗಳೇ (ಒಳಗಿನ ಸ್ವಿಚ್ ಕಾಂಟ್ಯಾಕ್ಟ್‌ಗಳು) ಕೈಕೊಟ್ಟಿವೆ ಅಂತ ನನ್ನ ಲೆಕ್ಕ. ತಪ್ಪಿದ್ರೆ ತಿದ್ದಿ.

ಒಬ್ಬ ಮೆಕ್ಯಾನಿಕ್ ಡೈನಮೋ ಬದಲು ಈಗಿನ ಕಾರುಗಳ ಥರ ಆಲ್ಟರ್ನೇಟರ್ ಹಾಕಿಸಿಬಿಡಿ ಸಾರ್ ಅಂದ್ರು. ಅಪ್ಪನ ಕಾರು, ಮನಸ್ಸು ಒಪ್ತಿಲ್ಲ. ಪಾಯಿಂಟ್ ಉಜ್ಜಿ, ಗ್ಯಾಪ್ ಸೆಟ್ ಮಾಡೋ ಹಳೇ ಆಟೋ ಎಲೆಕ್ಟ್ರಿಷಿಯನ್ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಕಡೆ ಯಾರಾದ್ರೂ ಇದ್ದಾರಾ?